ದಿಣ್ಣೆಯಲ್ಲಿ ಕೂಗದ ಫ್ಯಾನು

ನನ್ನ ಬಾಯಿ ಸರಿಯಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲಗಳು ಶುರುವಾಗುವ ಕಡೆ ನನ್ನದೊಂದು ಗ್ಯಾರೇಜಿದೆ. ಲಾರಿಗಳ ಹೊಟ್ಟೆಯೊಳಗೆ ಕೈ ಹಾಕುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಕೆಲಸವನ್ನೂ ಚೆನ್ನಾಗಿ ಮಾಡುತ್ತಾನೆ, ಬೈಗುಳವನ್ನೂ ಚೆನ್ನಾಗಿ ಬೈಯುತ್ತಾನೆ ಎಂದು ಡ್ರೈವರುಗಳು ಹೇಳುವುದುಂಟು. ಬೈದದ್ದು ಮರುದಿನ ನನಗೆ ನೆನಪಿರುವುದಿಲ್ಲ. ಬೈಸಿಕೊಂಡವರಿಗೆ ನೆನಪಿರುತ್ತದೋ ಏನೋ ಎಂದು ನಾನು ಕೂತು ಯೋಚಿಸಿದ್ದು ಒಂದೇ ಸಲ. ಅದು ನನ್ನ ಸೋದರಮಾವನ ವಿಷಯದಲ್ಲಿ.

ಮಾವ ನನ್ನ ಅಮ್ಮನ ತಮ್ಮ. ವಯಸ್ಸು ಅರವತ್ತು ದಾಟಿದೆ. ಅವರದೊಂದು ಹಳೆಯ ಆರು ಚಕ್ರದ ಲಾರಿ. ಮಾಲೂರಿನ ಗೂಡುಗಳಲ್ಲಿ ಇಟ್ಟಿಗೆ ತುಂಬಿಕೊಂಡು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಮನೆ ಕಟ್ಟುವವರಿಗೆ ಇಳಿಸಿ ಬರುತ್ತಿದ್ದರು. ಕ್ಲೀನರ್ ಇಟ್ಟುಕೊಂಡಿರಲಿಲ್ಲ, ಹೋಗುವಾಗಲೂ ಬರುವಾಗಲೂ ಒಬ್ಬರೇ. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಅವರು, ಸ್ಪ್ಯಾನರ್ ಹಿಡಿಯಲು ಕಲಿಸಿದವರೂ ಅವರೇ.

ಅವರಿಗೆ ಒಂದು ವಿದ್ಯೆ ಇತ್ತು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಒಂದು ನಿಮಿಷ ಆದ ಮೇಲೆ, "ಮೂರನೇ ಸಿಲಿಂಡರ್ ಸರಿಗಿಲ್ಲ" ಎಂದೋ, "ವಾಟರ್ ಪಂಪಿನ ಬೇರಿಂಗ್ ನೋಡು" ಎಂದೋ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. "ಗಾಡಿ ಮಾತಾಡ್ತದೆ ಕಣೋ, ನೀನ್ ಬಾಯಿ ಮುಚ್ಕೊಂಡಿದ್ರೆ ಕೇಳಿಸ್ತದೆ" ಎಂದು ನನಗೆ ಅವರು ಎಷ್ಟು ಸಲ ಹೇಳಿದ್ದಾರೋ. ನಾನು ಗ್ಯಾರೇಜು ಹಾಕಿದ ಮೇಲೂ, ನನಗೆ ತಿಳಿಯದ ಸದ್ದು ಬಂದರೆ ಫೋನು ಮಾಡಿ ಮಾವನನ್ನೇ ಕರೆಸುತ್ತಿದ್ದೆ. ಅವರ ಕಿವಿ ಹೇಳಿದ ಮೇಲೆ ನಮ್ಮಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಅದು ನನಗೆ ಸೇರುತ್ತಿರಲಿಲ್ಲ. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಸುಗ್ಗಿ ಬಂತೆಂದರೆ ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲವನ್ನೂ ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿ ತುಳಿದು ತುಳಿದು ಕಾಳು ಉದುರುತ್ತದೆ. ಆಮೇಲೆ ಹೆಂಗಸರು ಹುಲ್ಲು ಕೊಡವಿ, ಗುಡಿಸಿ, ಮೊರದಲ್ಲಿ ತೂರುತ್ತಾರೆ. ಕಾರಿನವರು ಬೈದುಕೊಂಡು ಪಕ್ಕಕ್ಕೆ ತಿರುಗಿಸುತ್ತಾರೆ, ಬೈಕಿನವರು ಜಾರಿ ಬೀಳುತ್ತಾರೆ. ಮಾವ ಮಾತ್ರ ಅಲ್ಲಿ ಲಾರಿಯನ್ನು ನಿಧಾನ ಮಾಡಿ, ತೆನೆಯ ಮೇಲೆಯೇ ಹೋಗಿ, ಮತ್ತೆ ರಿವರ್ಸ್ ಬಂದು, ಹೀಗೆ ನಾಲ್ಕೈದು ಸಲ ತುಳಿಸಿಕೊಟ್ಟು ಮುಂದೆ ಹೋಗುತ್ತಿದ್ದರು. ಕೇಳಿದರೆ, "ನನಗೆ ಹತ್ತು ನಿಮಿಷ, ಅವರಿಗೆ ಒಂದಿನ ಉಳೀತದೆ" ಎನ್ನುತ್ತಿದ್ದರು. ದಾರಿಯುದ್ದಕ್ಕೂ ಹೆಂಗಸರು ಅವರ ಲಾರಿ ಕಂಡರೆ ಕೈ ಬೀಸುತ್ತಿದ್ದರು. ಅತ್ತೆ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಹೋದ ವರ್ಷದ ಸುಗ್ಗಿಯಲ್ಲಿ ಆ ಲಾರಿಯ ಎಂಜಿನ್ ಕಾಯಲು ಶುರುಮಾಡಿತು. ನನ್ನ ಗ್ಯಾರೇಜು ದಾಟಿ ನಾಲ್ಕು ಮೈಲಿ ಹೋದರೆ ಒಂದು ಕೆರೆ, ಕೆರೆ ದಾಟಿದರೆ ಉದ್ದನೆಯ ದಿಣ್ಣೆ. ಇಟ್ಟಿಗೆ ತುಂಬಿಕೊಂಡು ಆ ದಿಣ್ಣೆ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ದಿಣ್ಣೆ ಇಳಿದು ಸಮ ರಸ್ತೆಗೆ ಬಂದರೆ ತಾನಾಗಿ ಇಳಿಯುತ್ತಿತ್ತು. ಬೆಳಗಿನ ಚಳಿಗೆ ಬಾಯಲ್ಲಿ ಹೊಗೆ ಬರುವ ಕಾಲ ಅದು. ಅಂಥ ಕಾಲದಲ್ಲಿ ಎಂಜಿನ್ ಕುದಿಯುತ್ತದೆ ಎಂದರೆ ಗಾಳಿಯದೋ ನೀರಿನದೋ ಏನೋ ತೊಂದರೆ ಇರಲೇಬೇಕು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ವಿಷಯ ಹೇಳಬೇಕು. ರೇಡಿಯೇಟರಿನ ಹಿಂದೆ ಒಂದು ದೊಡ್ಡ ಫ್ಯಾನು ಇರುತ್ತದೆ. ಅದು ಸದಾ ಜೋರಾಗಿ ತಿರುಗುವುದಿಲ್ಲ. ಅದರ ನಡುವೆ ತಟ್ಟೆಯಂಥದೊಂದು ದಪ್ಪ ಡಬ್ಬಿ, ಒಳಗೆ ಗಟ್ಟಿ ಎಣ್ಣೆ. ಅದಕ್ಕೆ ನಾವು ಫ್ಯಾನ್ ಕ್ಲಚ್ ಅನ್ನುತ್ತೇವೆ. ರೇಡಿಯೇಟರಿನ ಬಿಸಿಗಾಳಿ ತಗುಲಿದಾಗ ಒಳಗಿನ ಎಣ್ಣೆ ಹಿಡಿತ ಕೊಟ್ಟು, ಫ್ಯಾನು ಎಂಜಿನ್ನಿನ ಜೊತೆಗೇ ತಿರುಗಿ ಹೋ ಎಂದು ಕೂಗುತ್ತದೆ. ತಣ್ಣಗಾದರೆ ಹಿಡಿತ ಬಿಟ್ಟು ಸುಮ್ಮನಾಗುತ್ತದೆ. ದಿಣ್ಣೆ ಹತ್ತುವಾಗ ಬರುವ ಆ ಕೂಗು ಯಾವ ಹಳೆಯ ಡ್ರೈವರಿಗೂ ಗೊತ್ತು. ಕ್ಲಚ್ ಹೋದರೆ ಫ್ಯಾನು ತಿರುಗಿದ ಹಾಗೆ ಕಾಣುತ್ತದೆ ಅಷ್ಟೆ, ಗಾಳಿ ಎಳೆಯುವುದಿಲ್ಲ. ಸಮ ರಸ್ತೆಯಲ್ಲಿ ಓಟದ ಗಾಳಿಯೇ ಸಾಕಾಗುವುದರಿಂದ ಅಲ್ಲಿ ಗೊತ್ತಾಗುವುದೂ ಇಲ್ಲ.

ಹಾಗಾಗಿ ನಾನು ಮೊದಲ ದಿನವೇ ಕೇಳಿದೆ. "ಮಾವ, ದಿಣ್ಣೇಲಿ ಫ್ಯಾನ್ ಕೂಗ್ತದಾ?"

ಎರಡನೇ ಸಲ ಕೇಳಿದಾಗ ಅವರು ಕೇಳಿಸಿಕೊಂಡು, "ಕೂಗ್ದೆ ಏನು? ಚೆನ್ನಾಗಿ ಕೂಗ್ತದೆ" ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಮಾವನ ಕಿವಿ ಹೇಳಿದ ಮೇಲೆ ಫ್ಯಾನಿನ ಯೋಚನೆ ಬಿಟ್ಟೆ. ಎಂಜಿನ್ ನಿಲ್ಲಿಸಿ ಕೈಯಿಂದ ಒಂದು ಸಲ ಅದನ್ನು ತಳ್ಳಿ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು. ತಳ್ಳಲಿಲ್ಲ. ಬೆಲ್ಟ್ ಬಿಗಿ ಮಾಡಿದೆ, ಥರ್ಮೋಸ್ಟ್ಯಾಟ್ ಬದಲಾಯಿಸಿದೆ, ಮುಂದಿನ ಜಾಲರಿ ಬಿಚ್ಚಿ ರೇಡಿಯೇಟರಿಗೆ ನೀರು ಹೊಡೆದೆ. ರಾಗಿ ಹೊಟ್ಟು ಹಿಡಿಹಿಡಿಯಾಗಿ ಬಂತು. ಸಿಕ್ಕಿದ ಕಳ್ಳ ಎಂದುಕೊಂಡೆ.

ನಾಲ್ಕು ದಿನಕ್ಕೆ ಲಾರಿ ಮತ್ತೆ ಕುದಿಸಿಕೊಂಡು ಬಂತು. ಮತ್ತೆ ಜಾಲರಿ ಬಿಚ್ಚಿದರೆ ಮತ್ತೆ ಹೊಟ್ಟು. ಈ ಸಲ ಫ್ಯಾನಿನ ನಡುವಿನ ಡಬ್ಬಿಗೂ ಹೊಟ್ಟು ಮೆತ್ತಿಕೊಂಡಿತ್ತು. ಮಾವ ಅಷ್ಟರಲ್ಲಿ ತಮ್ಮ ಸ್ಕ್ರೂಡ್ರೈವರನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದರು. ನನಗೆ ನಗು ಬಂತು.

"ಏನ್ ಮಾವ, ಕಬ್ಬು ಅಂದ್ಕೊಂಡ್ಯಾ?"

ಅವರು ನಗಲಿಲ್ಲ. ನನ್ನ ಮಾತು ಅವರಿಗೆ ತಲುಪಿದಂತೆಯೇ ಕಾಣಲಿಲ್ಲ. ಅವತ್ತು ನನಗೆ ಕೈತುಂಬ ಕೆಲಸ, ಬೆಂಚಿನ ಮೇಲೆ ಟೀ ಕುಡಿಯುತ್ತಾ ನಾಲ್ಕೈದು ಜನ ಡ್ರೈವರುಗಳು ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು. ಒಂದು ಹಿಡಿ ಹೊಟ್ಟನ್ನು ಮಾವನ ಕಾಲ ಮುಂದೆ ಎಸೆದು, ಅವರ ಮುಖದೆದುರೇ ನಿಂತು ಕೂಗಿದೆ.

"ಊರೋರ್ ರಾಗಿ ತುಳ್ಸೋಕೆ ಲಾರಿ ಇಟ್ಟಿದ್ದೀಯಾ? ಹಂಗಾದ್ರೆ ಲಾರಿ ಮಾರಿ ಒಂದ್ ಜೊತೆ ಎತ್ತು ಕಟ್ಕೋ! ವಯಸ್ಸಾದ್ರೆ ಸಾಕಾ, ಬುದ್ಧಿ ಬ್ಯಾಡ್ವಾ? ಇನ್ನೊಂದ್ ಸಲ ಈ ಹೊಟ್ಟು ತಂದ್ರೆ ನನ್ನ ಬಾಗ್ಲು ತುಳೀಬ್ಯಾಡ!"

ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ಮಾವ ಬಗ್ಗಿ ಆ ಹೊಟ್ಟನ್ನು ಎತ್ತಿಕೊಂಡು, ಅಂಗೈಯಲ್ಲಿ ಉಜ್ಜಿ ಊದಿದರು. ನಾಲ್ಕು ರಾಗಿ ಕಾಳು ಉಳಿದವು. ಅವನ್ನು ಬಾಯಿಗೆ ಹಾಕಿಕೊಂಡು ಲಾರಿ ಹತ್ತಿ ಹೋದರು.

ಒಂದು ವಾರ ಕಳೆಯಿತು. ದಿಣ್ಣೆಯಾಚೆಯ ಹಳ್ಳಿಯ ಒಬ್ಬ ಅಜ್ಜಿ, ಸೊಸೆಯ ಜೊತೆ ಕೋಲಾರಕ್ಕೆ ಬಂದವಳು, ಬಸ್ಸು ಇಳಿದು ನೇರ ನನ್ನ ಗ್ಯಾರೇಜಿಗೆ ಬಂದಳು. ತೆಲುಗು ಬೆರೆತ ಮಾತು, ಗಟ್ಟಿ ಗಂಟಲು.

"ಏಮಪ್ಪಾ, ನಿಮ್ಮ ಮಾವಂಗೆ ಏನಾಯ್ತು? ವಾರದಿಂದ ನಾವ್ ಕೈ ಬೀಸಿದ್ರೂ ನಿಲ್ಲಿಸ್ತಾ ಇಲ್ಲ, ತೆನೆ ಮೇಲೇನೂ ಬರಲ್ಲ, ಪಕ್ಕದಾಗೇ ಹೊಂಟೋಗ್ತಾನೆ. ಮೊರದ್ದೇನಾದ್ರೂ ಮನಸ್ಸಿಗೆ ಹಚ್ಕೊಂಡವ್ನಾ?"

"ಯಾವ ಮೊರ ಅಜ್ಜಿ?"

"ಆವತ್ತು ರಿವರ್ಸ್ ಬರ್ತಾ ನನ್ನ ಮೊರ ತುಳ್ಸಾಕ್ಬಿಟ್ಟ. ನಾನು ಹಿಂದ್ಗಡೆ ನಿಂತ್ಕೊಂಡು ನಿಲ್ಸಪ್ಪಾ, ನಿಲ್ಸಪ್ಪಾ ಅಂತ ಅರಚ್ತಾನೇ ಇವ್ನಿ. ಕೇಳಿಸ್ಲೇ ಇಲ್ಲ ಅಂದ. ಪಾಪ, ಮಾರನೇ ದಿನಾನೇ ಹೊಸಾದು ತಂದುಕೊಟ್ಟ. ನಾನೇನೂ ಬೈದಿಲ್ಲಪ್ಪಾ. ಹುರುಳಿ ಇನ್ನೂ ಐತೆ, ಬರೋಕ್ಕೇಳು."

ಹೇಳ್ತೀನಿ ಎಂದೆ. ನನ್ನ ಬೈಗುಳಕ್ಕೆ ಮಾವ ಹೆದರಿ ಬುದ್ಧಿ ಕಲಿತರು ಎಂದು ಒಳಗೊಳಗೇ ಬೀಗಿದ್ದೂ ನಿಜ. ಅಜ್ಜಿ ಹೇಳಿದ ಉಳಿದ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮರುದಿನವೇ ಮಾವ ಬಂದರು. ಲಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಗ್ಯಾರೇಜಿನ ಬಾಗಿಲ ಹೊರಗೆ ನಿಂತು, "ಹೊಟ್ಟಿಲ್ಲ ಕಣೋ. ಒಂದ್ ಕಾಳೂ ತುಳ್ಸಿಲ್ಲ. ಆದ್ರೂ ನಿನ್ನೆ ಕುದೀತು" ಎಂದರು. ಒಳಗೆ ಬರಲಿಲ್ಲ. ಬಾಗಿಲು ತುಳಿಯಬೇಡ ಎಂದಿದ್ದೆನಲ್ಲ, ಅದಕ್ಕೆ. ನಾನೇ ಹೊರಗೆ ಹೋಗಿ ಜಾಲರಿ ಬಿಚ್ಚಿದೆ. ರೇಡಿಯೇಟರು ತೊಳೆದಿಟ್ಟ ಹಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಹೊಟ್ಟಿನ ಕಥೆ ಅಲ್ಲಿಗೆ ಮುಗಿಯಿತು. "ನಡಿ ಮಾವ, ನಾನೂ ಬರ್ತೀನಿ. ದಿಣ್ಣೇಲಿ ಏನಾಗ್ತದೆ ನೋಡಾಣ" ಎಂದು ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ. ಹಿಂದೆ ತುಂಬ ಇಟ್ಟಿಗೆ.

ಕೆರೆಯವರೆಗೆ ಮಾವ ಒಂದೇ ಸಮನೆ ಮಾತಾಡಿದರು. ಮೊದಲು ಅವರು ಹಾಗಿರಲಿಲ್ಲ, ಸ್ಟಿಯರಿಂಗ್ ಹಿಡಿದರೆ ಮೌನ. ದಿಣ್ಣೆ ಶುರುವಾಯಿತು. ಎರಡನೇ ಗೇರಿನಲ್ಲಿ ಲಾರಿ ತೆವಳತೊಡಗಿತು. ಮುಳ್ಳು ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ಈಗ ಕೂಗಬೇಕು ಎಂದು ನಾನು ಕಿವಿಗೊಟ್ಟೆ. ಎಂಜಿನ್ನಿನ ಗುಡುಗುಡು ಬಿಟ್ಟರೆ ಏನೂ ಇಲ್ಲ.

ಆಗ ಮಾವ ನನ್ನ ಕಡೆ ತಿರುಗಿ, "ಕೇಳಿಸ್ತಾ? ಎಷ್ಟ್ ಚೆನ್ನಾಗಿ ಕೂಗ್ತಾ ಐತೆ ನೋಡು" ಎಂದರು.

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ಹಿಂದೆ ಒಂದು ಬಸ್ಸು ಬಂದು ಹಾರ್ನ್ ಹೊಡೆಯುತ್ತಲೇ ಇತ್ತು, ಅವರು ದಾರಿ ಬಿಡಲಿಲ್ಲ. ಹಲ್ಲಿನಲ್ಲಿ ಕಚ್ಚಿದ ಸ್ಕ್ರೂಡ್ರೈವರು, ಎರಡೆರಡು ಸಲ ಕೇಳಬೇಕಾದ ಪ್ರಶ್ನೆ, ಲಾರಿಯ ಹಿಂದೆ ನಿಂತು ಅರಚಿದ ಅಜ್ಜಿ, ಎಲ್ಲ ಒಟ್ಟಿಗೆ ಬಂದು ಎದೆಗೆ ಕೂತವು.

ಅವರ ತೋಳು ಮುಟ್ಟಿ ಪಕ್ಕಕ್ಕೆ ನಿಲ್ಲಿಸಲು ಸನ್ನೆ ಮಾಡಿದೆ. ಎಂಜಿನ್ ಆರಿಸಲು ಹೇಳಿ, ಬಾನೆಟ್ ಎತ್ತಿ, ಒಂದು ಕೋಲಿನಿಂದ ಫ್ಯಾನನ್ನು ತಳ್ಳಿದೆ. ಅಷ್ಟು ಬಿಸಿಯಲ್ಲಿ ಅದು ಕೆಸರಿನಲ್ಲಿ ಸಿಕ್ಕಿದಂತೆ ತಡೆದು ಅರ್ಧ ಸುತ್ತಿಗೇ ನಿಲ್ಲಬೇಕು. ಮಕ್ಕಳ ಗಿರಿಗಿಟ್ಲೆಯ ಹಾಗೆ ನಾಲ್ಕು ಸುತ್ತು ಸುತ್ತಿತು. ಡಬ್ಬಿಯ ಸುತ್ತ ಎಣ್ಣೆ ಸೋರಿ ಕಪ್ಪು ಗೆರೆ ಬಿದ್ದಿತ್ತು, ಹೋದ ವಾರದ ಹೊಟ್ಟು ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಎಣ್ಣೆ ಇಲ್ಲದಿದ್ದರೆ ಹೊಟ್ಟು ಅಲ್ಲಿ ಏಕೆ ಮೆತ್ತಿಕೊಳ್ಳಬೇಕು? ಆ ಹೊಟ್ಟು ರೋಗ ಎಲ್ಲಿದೆ ಎಂದು ನನಗೆ ಬೆರಳಿಟ್ಟು ತೋರಿಸುತ್ತಿತ್ತು, ನಾನು ಅದನ್ನೇ ರೋಗ ಎಂದು ಕೂಗಾಡಿದ್ದೆ.

ಮಾವ ಫ್ಯಾನು ಸುತ್ತುವುದನ್ನು ನೋಡಿದರು. ಅವರಿಗೆ ನಾನು ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ಹೋಗಿ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕೂತರು. ಎಂಜಿನ್ ತಣಿಯುವವರೆಗೆ ಕಾಯಬೇಕಿತ್ತು. ನಾನೂ ಹೋಗಿ ಅವರೆದುರು, ಅವರಿಗೆ ನನ್ನ ಮುಖ ಕಾಣುವಂತೆ ಕೂತೆ.

"ಯಾವಾಗಿಂದ ಮಾವ?" ಜೋರಾಗಿ ಕೇಳಿದೆ.

"ಹೋದ ಯುಗಾದಿಯಿಂದ" ಎಂದರು. "ಮೊದ್ಲು ಹಕ್ಕಿ ಕೂಗು ಹೋಯ್ತು. ಆಮೇಲೆ ಫೋನು. ಗಾಡಿ ಮಾತ್ರ ಎಲ್ಲೂ ಹೋಗಲ್ಲ ಅಂದ್ಕೊಂಡಿದ್ದೆ."

"ಮತ್ತೆ ಫ್ಯಾನ್ ಕೂಗ್ತದೆ ಅಂದ್ಯಲ್ಲ?"

"ಸುಳ್ಳಲ್ಲ ಕಣೋ. ನನಗೆ ಕೇಳಿಸ್ತಾನೇ ಐತೆ. ಇಷ್ಟ್ ವರ್ಷ ಇದೇ ದಿಣ್ಣೆ ಹತ್ತಿದ್ದೀನಲ್ಲ. ದಿಣ್ಣೆ ಬಂದ್ರೆ ತಲೇಲಿ ಅದು ತಾನೇ ಕೂಗ್ತದೆ."

ನನಗೆ ಅಳು ಬಂತು. ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಅಷ್ಟು ಜನರ ಲಾರಿಗಳ ನೋವನ್ನು ಕೇಳಿದ ಕಿವಿ ಅದು. ಅದು ಮುಚ್ಚಿಹೋಗುತ್ತಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವರಿಗೆ ಕೊನೆಯದಾಗಿ ಸ್ಪಷ್ಟವಾಗಿ ಕೇಳಿಸಿದ ನನ್ನ ಮಾತು ಯಾವುದು ಎಂದು ಲೆಕ್ಕ ಹಾಕಿದರೆ, ಅದು ಆ ಬೈಗುಳವೇ. ಅಷ್ಟು ಜೋರಾಗಿ ಕೂಗಿದ್ದೆ.

"ಲಾರಿ ಬಿಡಿಸ್ತೀಯಾ?" ಎಂದು ಕೇಳಿದರು.

ಆ ಲಾರಿ ಬಿಟ್ಟರೆ ಅವರಿಗೆ ಬೇರೆ ಬದುಕು ಗೊತ್ತಿಲ್ಲ. ಬಿಡದಿದ್ದರೆ, ರಸ್ತೆಯಲ್ಲಿ ಕಾಳು ಗುಡಿಸುತ್ತಾ ಕೂತ ಹೆಂಗಸರಿಗೆ ಅವರ ಚಕ್ರವೇ ಯಮ. ಅವರೇ ಮುಂದುವರಿಸಿದರು. "ಆ ಮೊರ ಇತ್ತಲ್ಲ... ಚಕ್ರದ ಕೆಳಗಿಂದ ಅದನ್ನ ಎಳ್ದೆ ನೋಡು, ಆವತ್ತಿಂದ ನಿದ್ದೆ ಇಲ್ಲ. ಮೊರ ಎಳ್ಕೊಳ್ಳೋಕೆ ಬಗ್ಗಿದ್ದ ಅಜ್ಜಿ ಕೈ ಒಂದ್ ಗೇಣು ಈಚೆ ಇತ್ತು. ನೀನು ಬೈದೆ ಅಂತ ತುಳ್ಸೋದು ಬಿಟ್ಟೆ ಅಂದ್ಕೊಂಡ್ಯಾ? ಅಲ್ಲ ಕಣೋ. ರಿವರ್ಸ್ ಹಾಕೋಕೆ ಭಯ ಆಯ್ತು."

ಎಂಜಿನ್ ತಣಿದ ಮೇಲೆ ನಿಂತು ನಿಂತು ದಿಣ್ಣೆ ಹತ್ತಿಸಿ ಇಟ್ಟಿಗೆ ಇಳಿಸಿ ಬಂದೆವು. ಹೋಗುವಾಗ ಬರುವಾಗ ಎರಡು ಸಲವೂ ನಾನೇ ಓಡಿಸಿದೆ.

ಆ ಹಳೆಯ ಲಾರಿಗೆ ಹೊಂದುವ ಫ್ಯಾನ್ ಕ್ಲಚ್ ಕೋಲಾರದಲ್ಲಿ ಸಿಗಲಿಲ್ಲ. "ಯಾಕೆ ಒದ್ದಾಡ್ತೀಯಾ, ಬೋಲ್ಟ್ ಹಾಕಿ ಡೈರೆಕ್ಟ್ ಮಾಡ್ಬಿಡು" ಎಂದು ಅಂಗಡಿಯವರು ಹೇಳಿದರು. ಹಾಗೆ ಮಾಡುವುದುಂಟು. ಫ್ಯಾನನ್ನು ಎಂಜಿನ್ನಿಗೇ ಬಿಗಿದುಬಿಟ್ಟರೆ ಅದು ಸದಾ ಕೂಗುತ್ತಲೇ ಇರುತ್ತದೆ, ಡೀಸೆಲ್ಲೂ ತಿನ್ನುತ್ತದೆ. ಮಾವನ ಲಾರಿಗೆ ಅದನ್ನು ಮಾಡಲು ನನಗೆ ಮನಸ್ಸು ಬರಲಿಲ್ಲ. ಮುಳಬಾಗಿಲಿನ ಒಂದು ಅಂಗಡಿಯಲ್ಲಿ ಇದೆ ಎಂದು ತಿಳಿದು, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಲು ಹೇಳಿದೆ. ಅದು ಬಂದ ದಿನ ಮಾವನೂ ನಾನೂ ಸೇರಿ ಕೂರಿಸಿದೆವು. ಅವರನ್ನು ಕೈ ಹಿಡಿದು ನಾನೇ ಗ್ಯಾರೇಜಿನ ಒಳಗೆ ಕರೆತರಬೇಕಾಯಿತು.

ಮರುದಿನ ಇಟ್ಟಿಗೆ ತುಂಬಿಕೊಂಡು ಹೊರಟಾಗ, "ಇದೊಂದ್ ಸಲ ನಾನೇ ಹತ್ತುಸ್ತೀನಿ, ನೀನು ಪಕ್ಕದಲ್ಲಿರು" ಎಂದರು. ಆಗಲಿ ಎಂದೆ. ಅವತ್ತು ಅವರು ಒಂದು ಮಾತೂ ಆಡಲಿಲ್ಲ. ದಿಣ್ಣೆ ಬಂತು. ಮುಳ್ಳು ಅರ್ಧ ದಾಟಿ ಮುಕ್ಕಾಲಿನ ಹತ್ತಿರ ಬರುವಾಗ, ಬಾನೆಟ್ಟಿನ ಕೆಳಗಿಂದ ಹೋ ಎಂದು ಫ್ಯಾನು ಎದ್ದಿತು. ಕ್ಯಾಬಿನ್ನೇ ತುಂಬುವ ಕೂಗು. ಮಾವ ಮುಳ್ಳನ್ನೇ ನೋಡುತ್ತಿದ್ದರು.

"ಬಂತಾ?" ಎಂದು ಕೇಳಿದರು. ಎಂಜಿನ್ನಿನ ಸದ್ದಿನ ವಿಷಯದಲ್ಲಿ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

ನಾನು ಜೋರಾಗಿ ತಲೆಯಾಡಿಸಿದೆ. "ಬಂತು ಮಾವ."

ಅವರು ಎಡಗೈಯನ್ನು ಕ್ಯಾಬಿನ್ನಿನೊಳಗೆ ಪಕ್ಕದಲ್ಲೇ ಉಬ್ಬಿಕೊಂಡಿದ್ದ ಬಾನೆಟ್ಟಿನ ಮೇಲೆ ಅಂಗೈ ಪೂರ್ತಿ ತಾಗುವ ಹಾಗೆ ಇಟ್ಟರು. ಮುಳ್ಳು ಇಳಿಯುವವರೆಗೆ ತೆಗೆಯಲಿಲ್ಲ. ದಿಣ್ಣೆಯ ನೆತ್ತಿಯಲ್ಲಿ ಲಾರಿ ನಿಲ್ಲಿಸಿ, ಇಳಿದು, ಮುಂದಿನಿಂದ ಸುತ್ತಿಕೊಂಡು ನನ್ನ ಕಡೆಯ ಬಾಗಿಲಿಗೆ ಬಂದು, "ಜರುಗು, ನೀನ್ ಓಡ್ಸು" ಎಂದರು. ಕಿವಿಯ ಡಾಕ್ಟರಿಗೆ ತೋರಿಸುವವರೆಗೆ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ತಾವಾಗಿಯೇ ಹೇಳಿದರು.

ಮುಂದಿನ ಹಳ್ಳಿಯ ಹತ್ತಿರ ರಸ್ತೆಯ ಮೇಲೆ ಹುರುಳಿ ಹರಡಿತ್ತು. ಅಜ್ಜಿ ಮೊರ ಹಿಡಿದು ಎದ್ದು ನಿಂತಳು, ಜೊತೆಗೆ ಮೂರು ನಾಲ್ಕು ಹೆಂಗಸರು. ಕೈ ಬೀಸಲೋ ಬೇಡವೋ ಎಂಬಂತೆ ನೋಡುತ್ತಿದ್ದರು. ನಾನು ಲಾರಿ ನಿಧಾನ ಮಾಡಿ ಬಳ್ಳಿಯ ಮೇಲೆಯೇ ಬಿಟ್ಟೆ. ಮಾವ ನನ್ನನ್ನೊಮ್ಮೆ ನೋಡಿ, ಕೆಳಗಿಳಿದು ಲಾರಿಯ ಹಿಂದಕ್ಕೆ ಹೋದರು. ಹೆಂಗಸರನ್ನೆಲ್ಲ ದೂರ ಸರಿಸಿ, ನನ್ನ ಕನ್ನಡಿಗೆ ಕಾಣುವ ಕಡೆ ನಿಂತು ಕೈ ಎತ್ತಿದರು. ಅವರ ಕೈ ಬಾ ಎಂದಾಗ ಬಂದೆ, ಸಾಕು ಎಂದಾಗ ನಿಂತೆ. ಹೀಗೆ ನಾಲ್ಕು ಸಲ. ಕಾಯಿ ಸಿಡಿಯುವ ಚಟಪಟ ನನಗೆ ಕೇಳಿಸುತ್ತಿತ್ತು.

ಇಳಿದು ಅವರ ಹತ್ತಿರ ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ನನಗೆ ಹೇಳುತ್ತಲೇ ಸತ್ತಳು. ಹೇಗೆ ಹೇಳುವುದೆಂದು ತಿಳಿಯದೆ, ನೆಲ ನೋಡಿಕೊಂಡು, "ತಪ್ಪಾಯ್ತು ಮಾವ" ಎಂದೆ.

"ಏನು?"

"ತಪ್ಪಾಯ್ತು."

"ಏನಂದೆ?" ಎಂದು ಕಿವಿಯನ್ನು ಮುಂದೆ ತಂದರು.

ಬೇರೆ ದಾರಿಯಿರಲಿಲ್ಲ. ಬೈದಷ್ಟೇ ಗಟ್ಟಿಯಾಗಿ, ಹೊಲದಾಚೆಗೂ ಕೇಳುವಂತೆ ಕೂಗಿದೆ. "ತಪ್ಪಾಯ್ತು ಮಾವ! ಅವತ್ತು ಅಷ್ಟ್ ಜನದ ಮುಂದೆ ಬೈದಿದ್ದು ತಪ್ಪಾಯ್ತು!"

ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅಜ್ಜಿಯ ಮೊರವೂ ನಿಂತಿತು. ಮಾವ ಹೆಗಲ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡರು, ಕಣ್ಣಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು.

"ಯಾಕೋ ಹಂಗೆ ಕಿರುಚ್ಕೋತೀಯಾ? ನನಗೇನ್ ಕಿವಿ ಕೇಳಿಸಲ್ವಾ?" ಎಂದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಇನ್ನೊಂದ್ ಸುತ್ತು ಬೇಕೇನಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲಾರಿಯ ಹಿಂದಕ್ಕೆ ನಡೆದರು.

ನಾನು ಹತ್ತಿ ರಿವರ್ಸ್ ಗೇರ್ ಹಾಕಿ, ಕನ್ನಡಿಯಲ್ಲಿ ಅವರ ಕೈ ಮೇಲೇಳುವುದನ್ನೇ ನೋಡುತ್ತಾ ಕೂತೆ.